ಸುಣ್ಣಕ್ಕೆ ಬೇಕಾದ ಚಳಿ ಬಣ್ಣಕ್ಕೆ ಬೇಡವಾಯಿತು

ಡಿಸೆಂಬರ್ ತಿಂಗಳ ಮುಂಜಾವು. ಧಾರವಾಡದ ಅಂಚಿನ ಲಕಮನಹಳ್ಳಿಯಲ್ಲಿ ಬೆಳಗಿನ ಎಂಟು ಗಂಟೆಯಾದರೂ ಗೋಡೆಗಳ ಮೇಲಿನ ತೇವ ಆರಿರುವುದಿಲ್ಲ. ಹೊಸದಾಗಿ ಕಟ್ಟಿದ ಮನೆಯ ಮುಂದೆ ಏಣಿ ಒರಗಿಸಿಟ್ಟ ಪೇಂಟರುಗಳು ಬಣ್ಣದ ಡಬ್ಬಿಯ ಮುಚ್ಚಳ ತೆರೆಯದೆ ಬಿಸಿಲಿಗಾಗಿ ಕಾಯುತ್ತ ಕೂಡುತ್ತಾರೆ. ಮನೆಯ ಯಜಮಾನರಿಗೆ ಅವಸರ. ಸಂಕ್ರಾಂತಿ ಕಳೆದ ಕೂಡಲೇ ವಾಸ್ತುಶಾಂತಿಯ ಮುಹೂರ್ತ. ಇತ್ತ ದಿನಗೂಲಿಯ ಲೆಕ್ಕ ಏರುತ್ತಲೇ ಇದೆ. ಇದೇನು ಹಿಮ ಬೀಳುವ ಊರೇ, ಇಷ್ಟು ಚಳಿಗೆ ಬಣ್ಣ ಹಚ್ಚಲು ಹೆದರುವುದೇಕೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಹಜವಾದದ್ದೇ. ಈ ಭಾಗದಲ್ಲಿ ಮನೆಯ ಹೊರಗೋಡೆಗೆ ಸುಣ್ಣ ಹಚ್ಚುತ್ತಿದ್ದುದು ಮಳೆ ಹಿಂದೆ ಸರಿದು ಚಳಿ ಕಾಲಿಡುವ ಹೊತ್ತಿನಲ್ಲಿಯೇ. ಅಜ್ಜಿಯರ ಕಾಲದಲ್ಲಿ ಚಳಿಗೆ ಹೆದರದ ಗೋಡೆ ಮೊಮ್ಮಕ್ಕಳ ಕಾಲಕ್ಕೆ ಏಕೆ ಹೆದರತೊಡಗಿತು? ಉತ್ತರ ಹುಡುಕಹೊರಟರೆ ಬದಲಾದದ್ದು ಹವೆಯಲ್ಲ, ಗೋಡೆಗೆ ಹಚ್ಚುವ ವಸ್ತು ಎಂಬುದು ತಿಳಿಯುತ್ತದೆ. ವಸ್ತು ಬದಲಾಯಿತು, ಅದನ್ನು ಹಚ್ಚುವ ಪಂಚಾಂಗ ಮಾತ್ರ ಹಳೆಯದೇ ಉಳಿಯಿತು. ಇಂದಿನ ಅನೇಕ ತೊಂದರೆಗಳ ಮೂಲ ಇಲ್ಲಿದೆ.

ಸುಧೆಯಿಂದ ಸೌಧ

ಕನ್ನಡಿಗರು 'ಬಣ್ಣ' ಎಂಬ ಮಾತನ್ನು ಮನೆಯ ವಿಷಯದಲ್ಲಿ ಒಂಟಿಯಾಗಿ ಆಡುವುದು ಕಡಿಮೆ. 'ಸುಣ್ಣಬಣ್ಣ' ಎಂಬುದು ರೂಢಿಯ ಮಾತು. ಆ ಜೋಡಿಯಲ್ಲಿ ಸುಣ್ಣ ಮುಂದೆ, ಬಣ್ಣ ಹಿಂದೆ. 'ಸುಣ್ಣ' ಎಂಬುದು ಸಂಸ್ಕೃತದ 'ಚೂರ್ಣ' ಶಬ್ದದ ತದ್ಭವ. ಇನ್ನೂ ಸ್ವಾರಸ್ಯಕರವಾದದ್ದು 'ಸುಧಾ' ಶಬ್ದದ ಕಥೆ. ಅಮೃತ ಎಂಬ ಅರ್ಥದ ಈ ಶಬ್ದಕ್ಕೆ ಗೋಡೆಗೆ ಬಳಿಯುವ ಸುಣ್ಣ ಎಂಬ ಅರ್ಥವೂ ಇದೆ. ಸುಧೆಯನ್ನು ಬಳಿದ ಕಟ್ಟಡವೇ 'ಸೌಧ'. ಬೆಂಗಳೂರಿನಲ್ಲಿ 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಹೊರಮೈ ಸುಣ್ಣ ಕಾಣದ ಕಲ್ಲಿನದಾದರೂ ಅದರ ಹೆಸರಿನಲ್ಲಿ ಸುಣ್ಣ ಉಳಿದಿದೆ.

ಹೆಸರಿಗೆ ತಕ್ಕ ಕಟ್ಟಡಗಳೂ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಹಂಪಿಯ ಕಮಲ ಮಹಲಿನ ಕಮಾನುಗಳು ಗಾರೆಯ ಕುಸುರಿಗೆ ಹೆಸರಾದವು. 1656ರ ಹೊತ್ತಿಗೆ ಪೂರ್ಣಗೊಂಡ ವಿಜಯಪುರದ ಗೋಲಗುಮ್ಮಟದ ಬೃಹತ್ ಗುಮ್ಮಟ ನಿಂತಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಬಲದಿಂದ. ಘಟ್ಟದ ಆಚೆಈಚೆಯ ದೇವಾಲಯಗಳಲ್ಲಿ ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದಿಂದ ಚಿತ್ರ ತೆಗೆಯುವ 'ಕಾವಿ ಕಲೆ' ಬೆಳೆಯಿತು. ಶಿರಸಿಯ ಮಾರಿಕಾಂಬಾ ದೇವಾಲಯದ ಗೋಡೆಗಳಲ್ಲಿ ಅದನ್ನು ಇಂದಿಗೂ ಕಾಣಬಹುದು.

ಇವೆಲ್ಲ ಅರಸರ, ದೇವರ ಮನೆಗಳಾದವು. ಸಾಮಾನ್ಯರ ಮನೆಗೂ ಸುಣ್ಣ ದೂರದ ವಸ್ತುವಾಗಿರಲಿಲ್ಲ. ಎರೆಭೂಮಿಯಲ್ಲಿ ಸುಣ್ಣದ ಹರಳು ದೊರೆಯುತ್ತದೆ. ಬಾಗಲಕೋಟೆ, ಲೋಕಾಪುರಗಳ ಕಡೆ ಸುಣ್ಣದ ಕಲ್ಲಿನ ದೊಡ್ಡ ನಿಕ್ಷೇಪಗಳಿವೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಸುಣ್ಣದ ಭಟ್ಟಿಯನ್ನೇ ನಂಬಿ ಬದುಕಿದ ಮನೆತನಗಳ ನೆನಪು ಉತ್ತರ ಕರ್ನಾಟಕದಲ್ಲಿ 'ಸುಣಗಾರ' ಎಂಬ ಅಡ್ಡಹೆಸರಿನಲ್ಲಿ ಉಳಿದುಕೊಂಡಿದೆ.

ಗೋಡೆಯ ಮೇಲೆ ಮತ್ತೆ ಕಲ್ಲು

ಸುಣ್ಣದ ಕೆಲಸ ಒಂದು ಬಗೆಯ ಸುತ್ತು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತನೆ ಕುದಿದು 'ಅರಳುತ್ತದೆ'. ಅರಳಿದ ಸುಣ್ಣವನ್ನು ತಿಳಿಯಾಗಿ ಕಲಸಿ ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆಯುತ್ತದೆ.

ಈ ಕೊನೆಯ ಹಂತಕ್ಕೆ ತೇವ ಬೇಕು. ಗಾಳಿಯಲ್ಲಿನ ಅನಿಲ ಮೊದಲು ನೀರಿನಲ್ಲಿ ಕರಗಬೇಕು. ಅನಂತರವೇ ಸುಣ್ಣದೊಂದಿಗೆ ಕೂಡಬೇಕು. ಗೋಡೆ ಬಿಸಿಲಿಗೆ ಕಾದು ಸುಣ್ಣದ ನೀರು ಬೇಗ ಆರಿದರೆ ಕೂಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಹಚ್ಚಿದ ಸುಣ್ಣಕ್ಕೆ ಬೆನ್ನು ತಾಗಿಸಿದರೆ ಅಂಗಿಗೆಲ್ಲ ಬಿಳಿ ಪುಡಿ ಹತ್ತುವುದು ಇದರಿಂದಲೇ. ಸುಣ್ಣ ಹಚ್ಚುವ ಮೊದಲು ಗೋಡೆಗೆ ನೀರು ಚಿಮುಕಿಸುತ್ತಿದ್ದುದರ ಹಿಂದೆಯೂ ಇದೇ ಕಾರಣವಿದೆ.

ಸುಣ್ಣಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ಉಪ್ಪು, ಸಕ್ಕರೆಗಳು ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ, ಸುಣ್ಣ ತಣ್ಣೀರಿನಲ್ಲಿಯೇ ಹೆಚ್ಚು ಕರಗುತ್ತದೆ. 20 ಡಿಗ್ರಿ ಉಷ್ಣಾಂಶದ ಒಂದು ಲೀಟರ್ ನೀರಿನಲ್ಲಿ ಸುಮಾರು 1.7 ಗ್ರಾಂ ಅರಳಿದ ಸುಣ್ಣ ಕರಗಿದರೆ, ಕುದಿಯುವ ನೀರಿನಲ್ಲಿ ಅದರ ಅರ್ಧದಷ್ಟೂ ಕರಗದು. ಹೀಗೆ ತಂಪು ಹವೆ, ಇಬ್ಬನಿ, ಎಳೆಬಿಸಿಲು ಎಲ್ಲವೂ ಸುಣ್ಣದ ಗೆಳೆಯರೇ. ಆದರೆ ನೀರು ಹೆಪ್ಪುಗಟ್ಟುವಷ್ಟು ಚಳಿ ಮಾತ್ರ ಅದಕ್ಕೆ ಆಗದು. ಆದ್ದರಿಂದ ಯುರೋಪಿನ ಚಳಿ ದೇಶಗಳಲ್ಲಿ ಹಿಮದ ದಿನಗಳು ಬಂದೊಡನೆ ಸುಣ್ಣದ ಕೆಲಸ ನಿಲ್ಲಿಸುತ್ತಾರೆ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ ಧಾರವಾಡದಲ್ಲಿ ಡಿಸೆಂಬರ್–ಜನವರಿಯ ರಾತ್ರಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೆಲವು ದಿನ ಇನ್ನೂ ಕೆಳಗಿಳಿದರೂ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಸುಣ್ಣದ ಪಾಲಿಗೆ ಇದು ಹದವಾದ ಚಳಿ.

ಹಬ್ಬದ ಲೆಕ್ಕ

ರಸಾಯನಶಾಸ್ತ್ರದ ಈ ಸಂಗತಿಗಳನ್ನು ಓದಿ ಯಾರೂ ಹಬ್ಬದ ದಿನ ಗೊತ್ತುಮಾಡಲಿಲ್ಲ. ನವರಾತ್ರಿಗೆ ಘಟಸ್ಥಾಪನೆ ಮಾಡುವ ಮುನ್ನ ಮನೆ ಸಾರಿಸಿ ತೊಳೆಯಬೇಕು. ದೀಪಾವಳಿಗೆ ಲಕ್ಷ್ಮಿ ಬರುವ ಮನೆ ಬೆಳ್ಳಗಿರಬೇಕು ಎಂಬುದಷ್ಟೇ ನಂಬಿಕೆ. ಮುಂಗಾರು ಮಳೆ ಹಳೆಯ ಸುಣ್ಣವನ್ನು ತೊಳೆದು ಹಾಕಿ, ಗೋಡೆಯ ಬುಡಕ್ಕೆ ಕೆಸರು ಸಿಡಿಸಿ ಹೋಗಿರುತ್ತಿತ್ತು. ಆ ಗೋಡೆಗೆ ಹೊಸ ಸುಣ್ಣ ಬಿದ್ದ ಮೇಲೆ ಮುಂದಿನ ಮೂರು ತಿಂಗಳು ತಂಪು ರಾತ್ರಿಗಳು, ಇಬ್ಬನಿಯ ಬೆಳಗುಗಳು. ಎರೆಹೊಲದಲ್ಲಿ ಹಿಂಗಾರಿ ಜೋಳ, ಕಡಲೆಗಳಿಗೆ ಆಸರೆಯಾಗುವ ಇಬ್ಬನಿಯೇ ಊರೊಳಗೆ ಗೋಡೆಯ ಸುಣ್ಣವನ್ನೂ ಗಟ್ಟಿ ಮಾಡುತ್ತಿತ್ತು. ಬೇಸಿಗೆಯ ಬಿಸಿಲು ಬರುವ ಹೊತ್ತಿಗೆ ಗೋಡೆ ಸಿದ್ಧವಾಗಿರುತ್ತಿತ್ತು. ನಂಬಿಕೆ ಮತ್ತು ಹವೆ ಒಂದೇ ದಾರಿಯಲ್ಲಿ ನಡೆದ ಉದಾಹರಣೆ ಇದು.

ಕೆಲಸದ ಬಹುಪಾಲು ಹೆಂಗಸರದೇ. ಸುಣ್ಣವನ್ನು ಮುಂಚಿತವಾಗಿ ಹರವಿಯಲ್ಲಿ ನೆನೆಹಾಕಿ, ಸೋಸಿ, ಗೋಡೆಗೆ ಹಿಡಿಯಲೆಂದು ಅಂಟು, ಬೆಲ್ಲ ಅಥವಾ ಉಪ್ಪು ಬೆರೆಸುವುದು ಒಂದೊಂದು ಮನೆಯಲ್ಲಿ ಒಂದೊಂದು ರೂಢಿ. ಸುಣ್ಣದ ಹಳದಿ ಛಾಯೆ ಮರೆಯಾಗಲು ಚಿಟಿಕೆ ನೀಲಿ ಹಾಕುತ್ತಿದ್ದರು. ಬಟ್ಟೆಗೆ ಹಾಕುವ ಈ ನೀಲಿಯನ್ನು 1828ರ ಹೊತ್ತಿಗೆ ಯುರೋಪಿನಲ್ಲಿ ಕೃತಕವಾಗಿ ತಯಾರಿಸುವ ವಿಧಾನ ಕಂಡುಹಿಡಿದ ಮೇಲೆ ಅದು ಅಗ್ಗವಾಗಿ ಜಗತ್ತಿನೆಲ್ಲೆಡೆ ಹರಡಿತು. ಸುಣ್ಣದ ಕ್ಷಾರ ಅನೇಕ ಬಣ್ಣಗಳನ್ನು ಕೆಡಿಸುತ್ತದೆ. ಈ ನೀಲಿ ಮತ್ತು ಕೆಮ್ಮಣ್ಣು, ಹಳದಿ ಮಣ್ಣುಗಳಂಥ ಕಬ್ಬಿಣದ ಅಂಶವಿರುವ ಬಣ್ಣಗಳು ಮಾತ್ರ ಅದನ್ನು ತಾಳಿಕೊಳ್ಳುತ್ತವೆ. ಹಳೆಯ ಮನೆಗಳಲ್ಲಿ ಕಾಣುವ ಬಿಳಿ, ತಿಳಿನೀಲಿ, ಕೆಂಪು, ಹಳದಿಗಳು ಬರಿಯ ಅಭಿರುಚಿಯ ಆಯ್ಕೆಯಲ್ಲ. ಸುಣ್ಣ ಒಪ್ಪಿದ ಬಣ್ಣಗಳು ಅವು.

ಆ ಕಾಲವನ್ನು ಹೊಗಳುವ ಭರದಲ್ಲಿ ಅದರ ಕಷ್ಟವನ್ನು ಮರೆಯಬಾರದು. ಸುಣ್ಣ ಕೈಯ ಚರ್ಮ ಸುಡುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಅನುಭವದಿಂದಲೇ ಹುಟ್ಟಿರಬೇಕು. ಪ್ರತಿ ವರ್ಷ ಮಾಡಲೇಬೇಕಾದ, ಕೂಲಿಯಿಲ್ಲದ ಈ ದುಡಿಮೆಯಿಂದ ಬಿಡುಗಡೆ ದೊರೆತಾಗ ಹೆಂಗಸರು ನಿಟ್ಟುಸಿರು ಬಿಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಪ್ಲೇಗಿನ ಸುಣ್ಣ

ಹಬ್ಬದ ಸುಣ್ಣ ಒಮ್ಮೆ ಭಯದ ಸುಣ್ಣವೂ ಆಯಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪ್ರಾಂತ್ಯದ ಉದ್ದಗಲಕ್ಕೂ ಹರಡಿತು. ಧಾರವಾಡ ಜಿಲ್ಲೆ ಆಗ ಅದೇ ಮುಂಬಯಿ ಪ್ರಾಂತ್ಯದ ಭಾಗ. 1898ರಲ್ಲಿ ಹುಬ್ಬಳ್ಳಿ ತೀವ್ರವಾಗಿ ನರಳಿತು. ಹಾಫ್‌ಕಿನ್ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು.

ಸರಕಾರ ಕೈಗೊಂಡ ಕ್ರಮಗಳಲ್ಲಿ ಮನೆಗಳಿಗೆ ಸುಣ್ಣ ಬಳಿಸುವುದೂ ಸೇರಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಮನೆಯೊಳಗೆ ಪ್ರವೇಶಿಸುವ ಬಲ ಕೊಟ್ಟಿತು. ಪುಣೆಯಲ್ಲಿ ಸೈನಿಕರೇ ಮನೆಗಳನ್ನು ಶೋಧಿಸಿ, ಸಾಮಾನು ಹೊರಗೆಳೆದು, ಗೋಡೆಗಳಿಗೆ ಸುಣ್ಣ ಹೊಡೆಸಿದರು. ಅಡುಗೆಮನೆ, ದೇವರಮನೆಗಳೂ ಉಳಿಯಲಿಲ್ಲ ಎಂಬ ಜನರ ಸಿಟ್ಟು ಭುಗಿಲೆದ್ದು, 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ ಘಟನೆ ಸ್ವಾತಂತ್ರ್ಯ ಚಳವಳಿಯ ಇತಿಹಾಸದಲ್ಲಿ ದಾಖಲಾಗಿದೆ.

ಹೊಸ ಸುಣ್ಣದ ಕ್ಷಾರಕ್ಕೆ ಅನೇಕ ರೋಗಾಣುಗಳು ಸಾಯುವುದು ನಿಜ. ಆದರೆ ಪ್ಲೇಗನ್ನು ಹರಡುತ್ತಿದ್ದುದು ಗೋಡೆಯಲ್ಲ, ಇಲಿಯ ಮೈಮೇಲಿನ ಚಿಗಟ. ಇದನ್ನು ಫ್ರೆಂಚ್ ವೈದ್ಯ ಸೀಮೊಂ ಪ್ರಕಟಪಡಿಸಿದ್ದು 1898ರಲ್ಲಿ. ಆ ಮಾತು ಎಲ್ಲರಿಗೂ ಒಪ್ಪಿಗೆಯಾಗಲು ಇನ್ನಷ್ಟು ವರ್ಷಗಳೇ ಬೇಕಾದವು. ಪ್ಲೇಗನ್ನು ತಡೆಯುವಲ್ಲಿ ಸುಣ್ಣ ಸೋತರೂ, ಸುಣ್ಣ ಕಂಡ ಗೋಡೆ ಆರೋಗ್ಯದ ಗುರುತು ಎಂಬ ಭಾವನೆ ಮಾತ್ರ ಶಾಲೆ, ಆಸ್ಪತ್ರೆ, ಚಾವಡಿಗಳಲ್ಲಿ ಬೇರೂರಿತು.

ಡಬ್ಬಿಯ ಬಣ್ಣ ಬಂದ ಬಗೆ

ಕಾರ್ಖಾನೆಯ ಬಣ್ಣ ಈ ದೇಶದಲ್ಲಿ ಮೊದಲು ಹತ್ತಿದ್ದು ಮನೆಯ ಗೋಡೆಗಲ್ಲ. ಹಡಗು, ಸೇತುವೆ, ರೈಲು ಡಬ್ಬಿಗಳ ಕಬ್ಬಿಣ ಮತ್ತು ಕಟ್ಟಿಗೆಗೆ. 1902ರಲ್ಲಿ ಕೊಲ್ಕತ್ತದ ಬಳಿಯ ಹೌರಾದಲ್ಲಿ ಶಾಲಿಮಾರ್ ಕಂಪನಿಯ ಕಾರ್ಖಾನೆ ಆರಂಭವಾಯಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ದೇಶದಾದ್ಯಂತ ಹೆಸರಾದ ಸಂಸ್ಥೆ ಇದೇ. 1942ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಪ್ರಾರಂಭವಾಯಿತು. ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ 'ಗಟ್ಟು'ವಿನ ಚಿತ್ರವನ್ನು 1954ರಲ್ಲಿ ಅದಕ್ಕೆ ಬರೆದುಕೊಟ್ಟವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್.

ಸಾಮಾನ್ಯರ ಹೊರಗೋಡೆಗೆ ಸುಣ್ಣದ ನಂತರ ಬಂದದ್ದು ಸಿಮೆಂಟ್ ಬಣ್ಣ. 'ಸ್ನೋಸೆಮ್' ಎಂಬ ಒಂದು ತಯಾರಿಕೆಯ ಹೆಸರೇ ಜನರ ಬಾಯಲ್ಲಿ ಇಡೀ ಜಾತಿಯ ಹೆಸರಾಯಿತು. ಪುಡಿಯನ್ನು ನೀರಿನಲ್ಲಿ ಕಲಸಿ, ಒದ್ದೆ ಮಾಡಿದ ಗೋಡೆಗೆ ಹಚ್ಚಿ, ಮರುದಿನದಿಂದ ನೀರು ಹೊಡೆಯಬೇಕು. ಇದೂ ತೇವವನ್ನು ಬಯಸುವ ವಸ್ತುವೇ. ಹೀಗಾಗಿ ಸುಣ್ಣದಿಂದ ಸಿಮೆಂಟ್ ಬಣ್ಣಕ್ಕೆ ಬದಲಾದಾಗ ದೀಪಾವಳಿಯ ಪಂಚಾಂಗವನ್ನು ಬದಲಿಸುವ ಅಗತ್ಯ ಬೀಳಲಿಲ್ಲ.

ಪಂಚಾಂಗಕ್ಕೆ ಧಕ್ಕೆ ತಂದದ್ದು ಎಮಲ್ಶನ್. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕೃತಕ ರಬ್ಬರಿನ ಕಣಗಳನ್ನು ನೀರಿನಲ್ಲಿ ತೇಲಿಸಿದ ಬಣ್ಣ 1948ರಲ್ಲಿ ಮಾರುಕಟ್ಟೆಗೆ ಬಂದಿತು. 1953ರಲ್ಲಿ ಬಣ್ಣಕ್ಕೆಂದೇ ತಯಾರಾದ ಅಕ್ರಿಲಿಕ್ ಎಮಲ್ಶನ್ ಅಲ್ಲಿಯೇ ಬಂದಿತು. ಭಾರತದ ಊರೂರಿನ ಹೊರಗೋಡೆಗಳಿಗೆ ಅದು ಇಳಿಯಲು ಹಲವು ದಶಕಗಳು ಹಿಡಿದವು. ಇಂದು ಅಂಗಡಿಯಲ್ಲಿ ಯಂತ್ರದ ಮುಂದೆ ನಿಂತು ಬೇಕಾದ ಛಾಯೆ ಬೆರೆಸಿಕೊಳ್ಳಬಹುದು. ಕೈಗೆ ಪುಡಿ ಹತ್ತುವುದಿಲ್ಲ. ವರ್ಷಕ್ಕೊಮ್ಮೆ ಹಚ್ಚುವ ಗೋಳಿಲ್ಲ. ಜನ ಒಲಿದದ್ದು ನ್ಯಾಯವಾಗಿಯೇ ಇದೆ.

ಇಬ್ಬನಿಯ ತಕರಾರು

ಎಮಲ್ಶನ್ ಒಣಗುವ ಕ್ರಮವೇ ಬೇರೆ. ನೀರು ಆವಿಯಾಗುತ್ತಿದ್ದಂತೆ ಅದರಲ್ಲಿ ತೇಲುತ್ತಿದ್ದ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಮೆತ್ತಗಾಗಿ, ಬೆಸೆದು ತೆಳುವಾದ ಪೊರೆಯಾಗಬೇಕು. ಬೆಸೆಯಲು ಒಂದು ಮಟ್ಟದ ಬೆಚ್ಚಗೆ ಬೇಕು. ಸಾಮಾನ್ಯ ಎಮಲ್ಶನ್‌ಗಳನ್ನು 10 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಹಚ್ಚಬಾರದು ಎಂಬುದು ರೂಢಿಯ ಎಚ್ಚರಿಕೆ. ಚಳಿ ದೇಶಗಳಿಗಾಗಿ ಸುಮಾರು 2 ಡಿಗ್ರಿಯಲ್ಲೂ ಹಚ್ಚಬಹುದಾದ ಬಣ್ಣಗಳೂ ಬಂದಿವೆ.

ಲಕಮನಹಳ್ಳಿಯ ಹಗಲಿಗೆ ಈ ಎಚ್ಚರಿಕೆ ತಾಗುವುದಿಲ್ಲ. ಇಲ್ಲಿಯ ತಕರಾರು ಚಳಿಯದಲ್ಲ, ಚಳಿ ತರುವ ಇಬ್ಬನಿಯದು. ಸಂಜೆ ಆಕಾಶ ತಿಳಿಯಾಗಿದ್ದರೆ ಗೋಡೆಯ ಮೈ ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಸಂಜೆ ಐದಕ್ಕೆ ಹಚ್ಚಿದ ಬಣ್ಣ ಪೊರೆಯಾಗುವ ಮೊದಲೇ ಇಬ್ಬನಿ ಬಿದ್ದರೆ, ಬಣ್ಣದೊಳಗಿನ ಸಾಬೂನಿನಂಥ ಅಂಶಗಳು ನೀರಿನೊಂದಿಗೆ ಹೊರಬಂದು ಕೆಳಗಿಳಿಯುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಹೊಸ ಗೋಡೆಯ ಮೇಲೆ ಜಿಡ್ಡಿನ ಕಂದು ಗೆರೆಗಳು. ಅವನ್ನು ನೀರಿನಿಂದ ತೊಳೆಯಬಹುದು. ಆದರೆ ಪೊರೆಯೇ ಸರಿಯಾಗಿ ಕೂಡದಿದ್ದರೆ ಮುಂದಿನ ಮಳೆಗಾಲಕ್ಕೆ ಬಣ್ಣ ಸಿಪ್ಪೆ ಸುಲಿದಂತೆ ಏಳುತ್ತದೆ. ಬಾಗಿಲು, ಕಿಟಕಿ, ಗ್ರಿಲ್‌ಗಳಿಗೆ ಹಚ್ಚುವ ಎಣ್ಣೆಬಣ್ಣವೂ ಚಳಿಯಲ್ಲಿ ತಡವಾಗಿ ಒಣಗುತ್ತದೆ. ಇಬ್ಬನಿ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ.

ಆದ್ದರಿಂದ ಅನುಭವಿ ಪೇಂಟರುಗಳು ಚಳಿಗಾಲದಲ್ಲಿ ದಿನವನ್ನು ಮೊಟಕು ಮಾಡಿಕೊಳ್ಳುತ್ತಾರೆ. ಹತ್ತು ಗಂಟೆಯ ಸುಮಾರಿಗೆ ಗೋಡೆ ಮುಟ್ಟಿ ನೋಡಿ ಕೆಲಸ ಹಿಡಿದು, ಮೂರೂವರೆ–ನಾಲ್ಕಕ್ಕೆ ಕುಂಚ ತೊಳೆಯುವುದು ಕ್ಷೇಮ. ಮೊದಲು ಬಿಸಿಲು ಬೀಳುವ ಮೂಡಣ ಗೋಡೆ ಮೊದಲು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಡಗಣ ಗೋಡೆಗೆ ದಿನವಿಡೀ ನೆರಳು. ಅದನ್ನು ನಡುಹಗಲಿಗೇ ಮುಗಿಸಬೇಕು. ಗೋಡೆಯ ಉಷ್ಣಾಂಶ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕೆಂಬುದು ಕಾರ್ಖಾನೆಗಳ ಬಣ್ಣದ ಕೆಲಸದಲ್ಲಿ ಪಾಲಿಸುವ ನಿಯಮ. ಅಂಗೈಯಿಂದ ಗೋಡೆ ಸವರಿ ನೋಡುವುದು ಅದೇ ನಿಯಮದ ಊರ ರೂಪ. ಮನೆಯ ಯಜಮಾನರಿಗೆ ಮೈಗಳ್ಳತನದಂತೆ ಕಾಣುವ ಬೆಳಗಿನ ಆ ಎರಡು ಗಂಟೆ, ಅವರ ಹಣವನ್ನು ಉಳಿಸುವ ಎರಡು ಗಂಟೆ.

ಮಣ್ಣಿನ ಗೋಡೆಯ ಉಸಿರು

ಧಾರವಾಡ–ಹುಬ್ಬಳ್ಳಿ ಹೆದ್ದಾರಿಯ ಪಕ್ಕದ ಲಕಮನಹಳ್ಳಿ ಇಂದು ಕೈಗಾರಿಕಾ ಪ್ರದೇಶಕ್ಕೆ, ಹಾಲು ಒಕ್ಕೂಟದ ಡೇರಿಗೆ ಹೆಸರಾದ ಊರು. 1962ರಲ್ಲಿ ಅವಳಿ ನಗರಕ್ಕೆ ಒಂದೇ ಮಹಾನಗರ ಪಾಲಿಕೆ ಬಂದ ಮೇಲೆ ಎರಡು ಊರುಗಳ ನಡುವಿನ ಇಂಥ ಹಳ್ಳಿಗಳು ಪಟ್ಟಣದೊಳಗೆ ಸೇರುತ್ತ ಬಂದವು. ಇಂಥ ಊರುಗಳಲ್ಲಿ ಕಾಂಕ್ರೀಟಿನ ಹೊಸ ಮನೆಗಳ ನೆರೆಯಲ್ಲಿಯೇ ಹಳೆಯ ಓಣಿಗಳ ಮಣ್ಣು–ಕಲ್ಲಿನ ಗೋಡೆಗಳೂ ಇರುತ್ತವೆ. ಒಂದೇ ಡಬ್ಬಿಯ ಬಣ್ಣ ಈಗ ಎರಡಕ್ಕೂ ಹತ್ತುತ್ತಿದೆ. ಚಿಂತಿಸಬೇಕಾದ ಮಾತು ಇರುವುದು ಇಲ್ಲಿ.

ಮಣ್ಣಿನ ಗೋಡೆ ನೆಲದಿಂದ, ಮಳೆಯಿಂದ ತೇವ ಹೀರುತ್ತದೆ. ಒಣಹವೆಯಲ್ಲಿ ಹೊರಗೆ ಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಅಕ್ರಿಲಿಕ್ ಪೊರೆಯಾದರೋ ಹೊರಗಿನ ನೀರನ್ನು ತಡೆಯುವುದರ ಜೊತೆಗೆ ಒಳಗಿನ ತೇವ ಹೊರಬರುವುದನ್ನೂ ಬಹುಮಟ್ಟಿಗೆ ತಡೆಯುತ್ತದೆ. ಬುಡದಿಂದ ಏರಿದ ತೇವ ಪೊರೆಯ ಹಿಂದೆ ನಿಂತು ಗುಳ್ಳೆ ಏಳುತ್ತದೆ. ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವುದರಿಂದ ಒಳಗಿನ ಕೇಡು ಕಣ್ಣಿಗೆ ಬೀಳುವುದೂ ತಡ. 2019ರ ಆಗಸ್ಟ್ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದದ್ದಕ್ಕೆ ಆ ಮಳೆಯ ಅಬ್ಬರವೇ ಕಾರಣ, ಬಣ್ಣವನ್ನು ದೂರಬೇಕಾಗಿಲ್ಲ. ಆದರೆ ಅಂಥ ಮಳೆಯನ್ನು ಎದುರಿಸಬೇಕಾದ ಗೋಡೆಯೊಳಗೆ ಮೊದಲೇ ತೇವ ಕೂಡಿಹಾಕುವುದು ಜಾಣತನವಲ್ಲ.

ಹಳೆಯ ಮನೆಗೆ ಸುಣ್ಣ, ಹೊಸ ಮನೆಗೆ ಬಣ್ಣ ಎಂದು ಹಂಚಿಕೊಂಡರೆ ಜಗಳವಿಲ್ಲ. ಆದರೆ ಸುಣ್ಣದ ಗೋಡೆ ಈಗ ಬಡತನದ ಗುರುತಾಗಿದೆ. ಸುಣ್ಣವನ್ನು ಹದವರಿತು ಅರಳಿಸಿ ಹಚ್ಚಬಲ್ಲ ಕೈಗಳೂ ಕಡಿಮೆಯಾಗಿವೆ. ಮಗನ ಮದುವೆಗೆಂದು ಸಾಲ ಮಾಡಿ ಮಣ್ಣಿನ ಗೋಡೆಗೆ ಹೊಳೆಯುವ ಬಣ್ಣ ಹೊಡೆಸಿದ ಮನೆಯವರು ಎರಡು ಮಳೆಗಾಲ ಕಳೆಯುವುದರೊಳಗೆ ಅದನ್ನು ಕೆರೆದು ತೆಗೆಸುವ ಖರ್ಚನ್ನೂ ಹೊರಬೇಕಾಗುತ್ತದೆ.

ಒಂದು ಕಾಲಕ್ಕೆ ಗೋಡೆ, ಸುಣ್ಣ, ಹಬ್ಬ, ಹವೆ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಹೊಂದಿಸಿದವರು ಯಾರೆಂದು ಹೇಳಲಾಗದು. ತಲೆಮಾರುಗಳ ರೂಢಿ ಅದನ್ನು ಮಾಡಿತ್ತು. ಈಗ ವಸ್ತು ಅಂಗಡಿಯಿಂದ ಬರುತ್ತದೆ. ಹೊಂದಿಸುವ ಕೆಲಸ ಮನೆಯವರ ಮತ್ತು ಪೇಂಟರರ ಪಾಲಿಗೆ ಬಂದಿದೆ. ಡಬ್ಬಿಯ ಮೇಲೆ ಏನೇ ಬರೆದಿರಲಿ, ತಮ್ಮ ಗೋಡೆ ಯಾವುದರದು, ಅದರ ಮೇಲೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ, ಇಬ್ಬನಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ಅವರೇ ನೋಡಿಕೊಳ್ಳಬೇಕು. ಲಕಮನಹಳ್ಳಿಯಲ್ಲಿ ಚಳಿಯ ಬೆಳಗಿನಲ್ಲಿ ಡಬ್ಬಿಯ ಮುಚ್ಚಳ ತೆರೆಯದೆ ಕುಳಿತ ಪೇಂಟರು ಮಾಡುತ್ತಿರುವುದೂ ಅದನ್ನೇ.